'ಮೇರಿ ಸೂ' ಎಂಬ ಬೈಗುಳ

ಮೆಚ್ಚಿನ ಕೃತಿಯ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆಗಳಲ್ಲಿ ಸ್ವಂತ ಹೆಣ್ಣು ಪಾತ್ರವೊಂದು ಕಾಣಿಸಿಕೊಂಡರೆ ಸಾಕು, 'ಮೇರಿ ಸೂ' ಎಂಬ ಹಣೆಪಟ್ಟಿ ಸಿದ್ಧವಾಗಿರುತ್ತದೆ. ಈ ಹೆಸರು ಹುಟ್ಟಿದ್ದು ಅಣಕದಿಂದ. 1973ರಲ್ಲಿ ಅಮೆರಿಕದ ಪೌಲಾ ಸ್ಮಿತ್ 'ಸ್ಟಾರ್ ಟ್ರೆಕ್' ಅಭಿಮಾನಿಗಳ ಕಿರುಪತ್ರಿಕೆಯೊಂದರಲ್ಲಿ ಪುಟ್ಟ ಕಥೆ ಬರೆದರು. ನಾಯಕಿ 15½ ವರ್ಷದ ಲೆಫ್ಟಿನೆಂಟ್ ಮೇರಿ ಸೂ. ಕ್ಯಾಪ್ಟನ್ ಕಿರ್ಕ್ ನೋಡಿದೊಡನೆ ಮರುಳಾಗುತ್ತಾನೆ, ಸ್ಪಾಕ್ ಅವಳ ತರ್ಕಕ್ಕೆ ತಲೆದೂಗುತ್ತಾನೆ. ಅವಳು ಸತ್ತಾಗ ಹಡಗಿಗೆ ಹಡಗೇ ಅಳುತ್ತದೆ!

ಅಣಕ ಸರಿಯಾಗಿಯೇ ಇತ್ತೆಂದು ನಾವೂ ಒಪ್ಪುತ್ತೇವೆ. ನಮ್ಮ ತಕರಾರಿರುವುದು ಅದನ್ನೇ ಬೆತ್ತ ಮಾಡಿಕೊಂಡವರ ಬಗ್ಗೆ. ಹುಡುಗಿ ಜಾಣೆಯಾಗಿರುವುದು ದೋಷವೇ? ಅವಳು ಬಂದೊಡನೆ ಉಳಿದವರೆಲ್ಲ ದಡ್ಡರಾಗಿಬಿಡುವುದು ದೋಷ. ಅವಳಿಗೊಂದು ಸಿಡುಕು, ಒಂದು ಎಡವಟ್ಟು ಅಂಟಿಸಿದ ಮಾತ್ರಕ್ಕೆ ಅದು ಸರಿಹೋಗದು. ಅವಳಿಗೆ ದಿನನಿತ್ಯದ ಕೆಲಸವಿರಲಿ. ಕಿರ್ಕ್ ಅವಳ ಹೆಸರು ಮರೆಯಲಿ. ಸ್ಪಾಕ್ ಅವಳ ಮಾತನ್ನು ತಳ್ಳಿಹಾಕಲಿ, ಒಮ್ಮೊಮ್ಮೆ ಆತನೇ ಸರಿಯಾಗಿರಲಿ.

1987ರ ಹೊಸ ಸರಣಿಯಲ್ಲಿ ಜೀನ್ ರಾಡನ್‌ಬೆರಿ ಹದಿಹರೆಯದ ಮೇಧಾವಿ ಹುಡುಗನೊಬ್ಬನನ್ನು ಹಡಗು ಹತ್ತಿಸಿ, ತಮ್ಮದೇ ನಡುಹೆಸರಾದ 'ವೆಸ್ಲಿ'ಯನ್ನು ಅವನಿಗಿಟ್ಟರು. ಅವನೂ ಹಡಗನ್ನು ಕಾಪಾಡಿದ. ವೀಕ್ಷಕರು ಗೊಣಗಿದರು, ಆದರೂ ಪಾತ್ರ ವರ್ಷಗಟ್ಟಲೆ ಪರದೆಯ ಮೇಲಿತ್ತು. ಬಿಡುವಿನಲ್ಲಿ, ಸಂಬಳವಿಲ್ಲದೆ ಬರೆಯುವ ಹೆಣ್ಣುಮಗಳಿಗೆ ಆ ಸಹನೆ ಎಲ್ಲಿಯದು? ಈ ಬೈಗುಳದ ಭಯಕ್ಕೆ ಕೆಲವು ಲೇಖಕಿಯರು ಹೆಣ್ಣು ಪಾತ್ರ ಸೃಷ್ಟಿಸುವುದನ್ನೇ ಬಿಟ್ಟಿದ್ದನ್ನು ಕೆಮಿಲ್ ಬೇಕನ್-ಸ್ಮಿತ್ 1992ರ ತಮ್ಮ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ಇಂಥ ವಿಮರ್ಶೆಯಿಂದ ಯಾರ ಕಥೆ ಸುಧಾರಿಸಿತು ಎಂದು ನಾವು ಕೇಳುತ್ತೇವೆ.