ಬಚ್ಚಲ ಒಲೆ ಯಾರ ಲೆಕ್ಕದಲ್ಲೂ ಇಲ್ಲ

(1/7)
ಒಂದು ಪ್ರಶ್ನೆ. ಇವತ್ತು ಬೆಳಿಗ್ಗೆ ನೀವು ಸ್ನಾನ ಮಾಡಿದ ಬಿಸಿನೀರು ಕಾಯಿಸಿದ್ದು ಯಾರು?

ಯಾವುದರಲ್ಲಿ ಅಂತಲ್ಲ. ಯಾರು ಅಂತ.

ನಮ್ಮನೇಲಿ ಅಮ್ಮ. ಐದೂವರೆಗೆ ಏಳ್ತಾಳೆ, ಕೊಟ್ಟಿಗೆಗೆ ಹೋಗೋ ಮೊದಲು ಬಚ್ಚಲ ಒಲೆ. ಅಡಿಗೆ ದರಕು, ಅಡಿಕೆ ಸಿಪ್ಪೆ, ಎರಡು ಗರಟೆ, ಮೇಲೆ ಕಟ್ಟಿಗೆ. ಮಳೆಗಾಲದಲ್ಲಿ ಎಲ್ಲ ತಂಡಿ ಹಿಡಿದಿರುತ್ತೆ, ಹತ್ತಿಕೊಳ್ಳೋವರೆಗೂ ಊದುಕೊಳವೆ ಹಿಡಿದು ಕೂರಬೇಕು. ನಾನು ಏಳೂವರೆಗೆ ಎದ್ದು, ಹಂಡೆಯಿಂದ ಬೇಕಾದ್ದಕ್ಕಿಂತ ನಾಲ್ಕು ಚೊಂಬು ಜಾಸ್ತಿನೇ ಸುರಿದುಕೊಂಡು, ಸಾಗರದ ಬಸ್ಸು ಹಿಡೀತೀನಿ.

ಕಳೆದ ಮಳೆಗಾಲದಲ್ಲಿ ಅಮ್ಮನಿಗೆ ಕೆಮ್ಮು ಶುರುವಾಗಿದ್ದು ಎರಡು ವಾರ ಆದ್ರೂ ಬಿಡಲಿಲ್ಲ. ಡಾಕ್ಟರ ಹತ್ರ ಕರ್ಕೊಂಡು ಹೋದೆ. ಅವರು ಕೇಳಿದ್ರು, "ಅಡುಗೆ ಕಟ್ಟಿಗೆ ಒಲೇಲೋ, ಗ್ಯಾಸಲ್ಲೋ?" ಅಮ್ಮ "ಗ್ಯಾಸು" ಅಂದಳು. ಸುಳ್ಳಲ್ಲ. ನಮ್ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು.

ಬಚ್ಚಲ ಒಲೆ ಬಗ್ಗೆ ಅವರು ಕೇಳಲಿಲ್ಲ, ಅಮ್ಮ ಹೇಳಲಿಲ್ಲ. ಪಕ್ಕದಲ್ಲೇ ಕೂತಿದ್ದ ನನಗೂ ಹೊಳೀಲಿಲ್ಲ. ಬಸ್ಸಲ್ಲಿ ವಾಪಸ್ ಬರ್ತಾ ಅಮ್ಮನ ಸೀರೆಯಿಂದ ಹೊಗೆ ವಾಸನೆ ಬಂತು. ಆಗ ಹೊಳೀತು.

(2/7)
ಆಮೇಲೆ ಹುಡುಕೋಕೆ ಶುರು ಮಾಡಿದೆ. ಗೊತ್ತಾಗಿದ್ದು ಇಷ್ಟು: ಹೊಗೆ ಅಂದ್ರೆ ಸರ್ಕಾರಕ್ಕೆ ಅಡುಗೆಮನೆ ಮಾತ್ರ.

2016ರಲ್ಲಿ ಬಂದ ಉಜ್ವಲಾ ಯೋಜನೆ ಅಡುಗೆ ಗ್ಯಾಸಿಗೆ. ನಮ್ಮ ರಾಜ್ಯದ ಅನಿಲ ಭಾಗ್ಯವೂ ಅಡುಗೆ ಗ್ಯಾಸಿಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗೆ ಬಂದ್ರೆ ಕೇಳೋದೂ "ಅಡುಗೆಗೆ ಯಾವ ಇಂಧನ" ಅಂತಲೇ. ನಮ್ಮಂಥ ಮನೆ "ಗ್ಯಾಸ್" ಅಂದ ತಕ್ಷಣ ಹೊಗೆ ಇಲ್ಲದ ಮನೆಗಳ ಪಟ್ಟಿಗೆ ಸೇರುತ್ತೆ. ಆ ಹೊತ್ತಿಗೆ ಹಿತ್ತಲಕಡೆ ಬಚ್ಚಲಲ್ಲಿ ಹಂಡೆ ಕೆಳಗೆ ಬೆಂಕಿ ಉರೀತಾನೇ ಇರುತ್ತೆ.

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಶ್ವಾಸಕೋಶಕ್ಕೆ ಅದು ಅನ್ನ ಬೇಯಿಸಿದ ಹೊಗೆಯೋ ನೀರು ಕಾಯಿಸಿದ ಹೊಗೆಯೋ ಗೊತ್ತಾಗಲ್ಲ.

ತಮಾಷೆ ಅಂದ್ರೆ ನಾವು ಹಂಡೆಯನ್ನ ಮರೆತವರಲ್ಲ. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಹಂಡೆ ಬೆಳಗಿ, ಹಿಂಡ್ಲೆ ಬಳ್ಳಿ ಸುತ್ತಿ ಪೂಜೆ ಮಾಡ್ತೀವಿ. ಸ್ಟೋರಿ ಹಾಕ್ತೀವಿ. ನಾನೂ ಹಾಕಿದ್ದೆ, ಮೊದಲನೇ ಫೋಟೋ ಅದೇ. ಅದರಲ್ಲಿ ಒಲೆ ಮುಂದೆ ಕೂತಿರೋ ಅಮ್ಮನ್ನ ಕ್ರಾಪ್ ಮಾಡಿದ್ದೆ.

(3/7)
ಈಗ ಒಂದು ದೂರದ ಊರಿನ ಕಥೆ, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಇಂಗ್ಲೆಂಡ್, ವೇಲ್ಸ್‌ನಲ್ಲಿ ಹೆಚ್ಚಿನ ಮನೆ ಬೆಚ್ಚಗಿಡೋದು ಗ್ಯಾಸ್ ಬಾಯ್ಲರ್. ಅದನ್ನು ತೆಗೆದು ಹೀಟ್ ಪಂಪ್ ಹಾಕಿಸಿದ್ರೆ ಅಲ್ಲಿನ ಸರ್ಕಾರ 2023ರ ಅಕ್ಟೋಬರ್‌ನಿಂದ 7,500 ಪೌಂಡ್ ಕೊಡ್ತಿದೆ. ನಮ್ಮ ದುಡ್ಡಲ್ಲಿ ಎಂಟು ಲಕ್ಷಕ್ಕೂ ಹೆಚ್ಚು. ಅದು ಆಮೇಲೆ ಯಾವಾಗಲೋ ಅಕೌಂಟಿಗೆ ಬರೋ ದುಡ್ಡಲ್ಲ. ಹಾಕಿಕೊಡುವವನೇ ಅರ್ಜಿ ಹಾಕಿ ಬಿಲ್ಲಲ್ಲೇ ಕಳೀತಾನೆ.

ಹೀಟ್ ಪಂಪ್ ಅಂದ್ರೆ ಎಂತ? ನಿಮ್ಮನೆ ಫ್ರಿಜ್ಜಿನ ಹಿಂದೆ ಅಥವಾ ಪಕ್ಕದಲ್ಲಿ ಕೈ ಇಟ್ಟು ನೋಡಿ, ಬೆಚ್ಚಗಿರುತ್ತೆ. ಒಳಗಿನ ಬಿಸಿಯನ್ನು ಹೊರಗೆ ಸಾಗಿಸ್ತಿದೆ. ಹೀಟ್ ಪಂಪ್ ಗೀಸರ್ ಅದನ್ನೇ ಉಲ್ಟಾ ಮಾಡುತ್ತೆ: ಹೊರಗಿನ ಗಾಳಿಯ ಬಿಸಿ ತೆಗೆದು ನೀರಿಗೆ ತುಂಬುತ್ತೆ. ಕರೆಂಟು ಬೇಕಾಗೋದು ಸಾಗಿಸೋಕೆ ಮಾತ್ರ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತೆ.

ಲೆಕ್ಕ ಹಾಕೋಣ. 20 ಲೀಟರಿನ ಬಕೆಟ್, ನೀರು 22 ಡಿಗ್ರಿಯಿಂದ 42ಕ್ಕೆ ಏರಬೇಕು. ಒಂದು ಬಕೆಟಿಗೆ ಸುಮಾರು 0.47 ಯೂನಿಟ್. ನಾಲ್ಕು ಜನ, ಮೂವತ್ತು ದಿನ: 56 ಯೂನಿಟ್. ಸಾಮಾನ್ಯ ಗೀಸರ್‌ಗೆ ಅಷ್ಟು ಬೇಕು. ಹೀಟ್ ಪಂಪಿಗೆ 19.

ಇದಕ್ಕೆ ಬಿಸಿಲು ಬೇಡ. ನಮ್ಮ ತೇವದ ಗಾಳಿಯೇ ಸಾಕು. ಈ ಮಾತು ನೆನಪಿಟ್ಕೊಳ್ಳಿ.

(4/7)
ಹಾಗಾದ್ರೆ ನಮ್ಮಲ್ಲಿ ಬಿಸಿನೀರಿಗೆ ರಿಯಾಯಿತಿನೇ ಇಲ್ವಾ? ಇದೆ. ಸೋಲಾರ್ ವಾಟರ್ ಹೀಟರ್ ಹಾಕಿಸಿದ ಮನೆಗೆ ಕರೆಂಟ್ ಬಿಲ್ಲಲ್ಲಿ ಯೂನಿಟ್‌ಗೆ 50 ಪೈಸೆ ಕಡಿತ, ತಿಂಗಳಿಗೆ ಗರಿಷ್ಠ 50 ರೂಪಾಯಿ. ರಾಜ್ಯದ ವಿದ್ಯುತ್ ದರ ಆದೇಶಗಳಲ್ಲಿ ವರ್ಷಗಳಿಂದ ಇರೋ ಸಾಲು ಇದು.

ಬಿ.ಕಾಂ. ಓದೋರು ಸ್ವಲ್ಪ ನಿಧಾನಕ್ಕೆ ನೋಡಿ. 100 ಯೂನಿಟ್ ಉರಿಸೋ ಮನೆಗೆ 50 ರೂಪಾಯಿ ಸಿಗುತ್ತೆ. 40 ಯೂನಿಟ್ ಉರಿಸೋ ಮನೆಗೆ 20. ಕಡಿಮೆ ಕರೆಂಟ್ ಬಳಸೋರಿಗೆ ಕಡಿಮೆ ಬಹುಮಾನ. ಪೂರ್ತಿ ಸಿಕ್ಕಿದ್ರೂ ವರ್ಷಕ್ಕೆ 600 ರೂಪಾಯಿ. ಸಾವಿರಾರು ರೂಪಾಯಿ ಮೊದಲೇ ಸುರಿಯೋ ತಾಕತ್ತಿದ್ದವರಿಗೆ ಇದೊಂದು ಥ್ಯಾಂಕ್ಸ್ ಕಾರ್ಡ್. ಇಲ್ಲದವರಿಗೆ ಏನೂ ಅಲ್ಲ. ಕೊಳ್ಳುವಾಗಲೇ ಕೈ ಹಿಡೀತಿದ್ದ ಕೇಂದ್ರದ ಸಬ್ಸಿಡಿ 2014ರಲ್ಲೇ ನಿಂತಿದೆ.

ಇನ್ನೊಂದು ವಿಷಯ. ಬೆಂಗಳೂರಿನ ತಾರಸಿಗೆ ಸೋಲಾರ್ ಹೀಟರ್ ಸರಿಯಾಗೇ ಇದೆ. ಇಲ್ಲಿ? ಆಗುಂಬೆ ಇರೋದು ನಮ್ಮ ತೀರ್ಥಹಳ್ಳಿ ತಾಲೂಕಲ್ಲಿ, ವರ್ಷಕ್ಕೆ 7,000 ಮಿ.ಮೀ. ಮಳೆ ಹೊಡೆಯೋ ಊರು. ಸಾಗರ, ಹೊಸನಗರ ಅಷ್ಟಲ್ಲದಿದ್ರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಅಪರೂಪದ ನೆಂಟ. ಹೆಂಚಿನ ಮನೆ, ಸುತ್ತ ತೋಟ, ಮಾಡಿನ ಮೇಲೆ ಮರದ ನೆರಳು. ಬಿಸಿನೀರು ತೀರಾ ಬೇಕಾಗೋ ನಾಲ್ಕು ತಿಂಗಳೇ ಸೋಲಾರ್ ತಣ್ಣಗಿರುತ್ತೆ. ಹಾಕಿಸಿದ ಮನೆಯವರೂ ಆರಿದ್ರಾ ಮಳೆ ಹಿಡಿದ ಮೇಲೆ ಮತ್ತೆ ಹಂಡೆಗೇ ಬರ್ತಾರೆ.

ಗಾಳಿಯಿಂದ ಬಿಸಿ ತೆಗೆಯೋ ಯಂತ್ರ ಮಲೆನಾಡಿಗೆ ಹೊಂದುತ್ತೆ. ಆದ್ರೆ ಆ ರಿಯಾಯಿತಿಯ ಸಾಲಲ್ಲಿ ಬರೆದಿರೋದು ಸೋಲಾರ್ ಮಾತ್ರ.

(5/7)
ಇನ್ನು ಗೃಹಜ್ಯೋತಿ. ಮೊದಲೇ ಹೇಳಿಬಿಡ್ತೀನಿ, ನಾನು ಅದರ ವಿರೋಧಿ ಅಲ್ಲ. ನಮ್ಮನೆ ಬಿಲ್ಲು ಸೊನ್ನೆ ಬಂದಾಗ ಖುಷಿ ಪಟ್ಟವನೇ. ನಾನು ಹೇಳ್ತಿರೋದು ಅದರೊಳಗಿನ ಒಂದು ಲೆಕ್ಕದ ಬಗ್ಗೆ.

ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ತುಂಬ ಜನ ತಿಳ್ಕೊಂಡಿದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆ ಸರಾಸರಿ ಎಷ್ಟು ಉರಿಸಿತ್ತೋ ಅದಕ್ಕೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ. ಯೋಜನೆ ಶುರುವಾದಾಗ ಆ "ಸ್ವಲ್ಪ" ಅಂದ್ರೆ 10%. ಮಿತಿ ದಾಟಿದ್ರೆ ಹೆಚ್ಚಿನ ಯೂನಿಟ್‌ಗೆ ದುಡ್ಡು. 200 ದಾಟಿದ್ರೆ ಪೂರ್ತಿ ಬಿಲ್ಲು.

ಈಗ ಎರಡು ಮನೆ ತಗೊಳ್ಳಿ. ಒಂದು ಮನೇಲಿ ಆಗಲೇ ಗೀಸರ್ ಇತ್ತು, ಸರಾಸರಿ 150. ಅವರಿಗೆ 165 ಫ್ರೀ, ಬಿಸಿನೀರೂ ಸೇರಿ. ಇನ್ನೊಂದು ಮನೇಲಿ ಹಂಡೆ, ಸರಾಸರಿ 60. ಅವರಿಗೆ 66. ಆ ಮನೆಯವರು ಇವತ್ತು ಹೊಗೆ ಸಾಕು ಅಂತ ಗೀಸರ್ ಹಾಕಿಸಿದ್ರೆ 56 ಯೂನಿಟ್ ಮೇಲೇರುತ್ತೆ. ಹತ್ತಿರ ಹತ್ತಿರ ಅಷ್ಟೂ ಮಿತಿಯಿಂದ ಹೊರಗೆ, ಯೂನಿಟ್‌ಗೆ ಸುಮಾರು 6 ರೂಪಾಯಿ. ತಿಂಗಳಿಗೆ 300 ರೂಪಾಯಿ ಬಿಲ್ಲು.

ಅಂದ್ರೆ ಅವತ್ತು ಕಟ್ಟಿಗೆ ಊದಿದವಳು ಇವತ್ತೂ ಊದಲಿ ಅಂತ ಆಯ್ತಲ್ಲ. ಯಾರೂ ಬೇಕಂತ ಮಾಡಿದ್ದಲ್ಲ ಇದು. ಬಚ್ಚಲ ಒಲೆ ಲೆಕ್ಕದಲ್ಲೇ ಇರಲಿಲ್ಲ, ಅದಕ್ಕೇ ಹೀಗಾಯ್ತು. ಸೋಲಾರ್‌ನ 50 ಪೈಸೆ ಕಥೆಯೂ ಅದೇ: ಬಿಲ್ಲೇ ಸೊನ್ನೆ ಇರೋ ಮನೆಗೆ ಬಿಲ್ಲಲ್ಲಿ ಕಡಿತ ಕೊಟ್ಟು ಏನು ಪ್ರಯೋಜನ?

(6/7)
ನನ್ನ ಫ್ರೆಂಡ್ ಒಬ್ಬ ಇದನ್ನೆಲ್ಲ ಓದಿ ಹೇಳಿದ, "ಕಟ್ಟಿಗೆ ಫ್ರೀ ಮಾರಾಯ, ಸಿಪ್ಪೆ ಫ್ರೀ. ಎಂತಕ್ಕೆ ಯಂತ್ರ?" ಅಪ್ಪನೂ ಅದೇ ಹೇಳ್ತಾರೆ.

ಅವರ ಮಾತಲ್ಲಿ ಅರ್ಧ ಸರಿ ಇದೆ. ಮನೆಗಾಗೋ ಹೀಟ್ ಪಂಪಿಗೆ ಲೆಕ್ಕಕ್ಕೆ 80,000 ಅಂತ ಇಟ್ಕೊಳ್ಳಿ, ಗೀಸರ್‌ಗೆ 8,000. ತಿಂಗಳಿಗೆ ಉಳಿಯೋದು 37 ಯೂನಿಟ್, ಅಂದ್ರೆ 220 ರೂಪಾಯಿ. ಹಾಕಿದ ದುಡ್ಡು ವಾಪಸ್ ಬರೋಕೆ 27 ವರ್ಷ! ಯಾವ ಲೆಕ್ಚರರ್ ಕೈಗೆ ಕೊಟ್ಟರೂ ಈ ಪ್ರಾಜೆಕ್ಟ್ ಫೇಲ್. ಜೊತೆಗೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದ್ರೆ ಯಾವಾಗ ಬರುತ್ತೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಂಡೆ ಕಿತ್ತು ಬಿಸಾಡಿ ಅಂತ ನಾನು ಹೇಳಲ್ಲ.

ಆದ್ರೆ "ಫ್ರೀ" ಅನ್ನೋದನ್ನ ಮಾತ್ರ ಒಪ್ಪಲ್ಲ. ಕಟ್ಟಿಗೆ ಒಡೆದು ಒಟ್ಟುವ ಕೂಲಿ, ದರಕು ಗುಡಿಸಿ ತರುವ ಹೊತ್ತು, ಕೆಮ್ಮಿನ ಔಷಧಿ, ಇವನ್ನ ಯಾರ ಖಾತೆಗೆ ಬರೀತೀರಿ? ಖರ್ಚು ಇಲ್ಲ ಅಂತಲ್ಲ, ಖರ್ಚು ಮಾಡ್ತಿರೋರು ರಸೀದಿ ಕೊಡ್ತಿಲ್ಲ, ಅಷ್ಟೇ.

ಹಂಡೆ ಬಿಟ್ಟವರಲ್ಲಿ ತುಂಬ ಜನ ಗ್ಯಾಸ್ ಗೀಸರ್‌ಗೆ ಹೋಗಿದಾರೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತೆ. ನಿಮ್ಮನೇಲಿ ಇದ್ರೆ ಇವತ್ತೇ ಗೀಸರನ್ನ ಬಚ್ಚಲಿಂದ ಹೊರಗೆ ಹಾಕಿಸೋ ಮಾತಾಡಿ. ಅಲ್ಲಿವರೆಗೆ ಕಿಟಕಿ ತೆಗೆದಿಡಿ.

(7/7)
ಹಾಗಾದ್ರೆ ನಾನು ಕೇಳ್ತಿರೋದು ಏನು?

ಒಂದು. ಹೀಟ್ ಪಂಪ್ ಸಬ್ಸಿಡಿ ಹಾಸ್ಟೆಲ್‌ಗಳಿಂದ ಶುರುವಾಗಲಿ. ಇಡೀ ದಿನ ಬಿಸಿನೀರು ಬೇಕಾದ ಕಡೆ ಲೆಕ್ಕವೇ ಬೇರೆ. ನೂರು ಹುಡುಗರ ಹಾಸ್ಟೆಲ್‌ಗೆ ಗೀಸರ್ ಆದ್ರೆ ತಿಂಗಳಿಗೆ ಸುಮಾರು 1,400 ಯೂನಿಟ್, ಹೀಟ್ ಪಂಪ್ ಆದ್ರೆ 470. ದೊಡ್ಡ ಯಂತ್ರದ ಬೆಲೆ ನೂರು ತಲೆಗೆ ಹಂಚಿಹೋಗುತ್ತೆ.

ಎರಡು. ಮನೆಗಳಿಗೆ ಸದ್ಯಕ್ಕೆ ಒಳ್ಳೆ ಒಲೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ "ಅಸ್ತ್ರ" ಕೇಂದ್ರದ ಹೊಗೆರಹಿತ ಒಲೆ ಕರ್ನಾಟಕದ ಹಳ್ಳಿ ಹಳ್ಳಿಗೆ ಹೋಗಿತ್ತು. ಕಟ್ಟಿಗೆ ಕಡಿಮೆ, ಹೊಗೆ ಕೊಳವೆಯಿಂದ ಮಾಡಿನ ಹೊರಗೆ. ಬಚ್ಚಲಿಗೂ ಆಗೋದು ಅದೇ. ಅದಕ್ಕೆ ಕೊಡೋ ದುಡ್ಡು ಕಟ್ಟಿಸುವಾಗಲೇ ಕೊಡಿ, ಬಿಲ್ಲಲ್ಲಿ ಅಲ್ಲ.

ಮೂರು. ಹಂಡೆ ಬಿಟ್ಟು ಕರೆಂಟಿಗೆ ಬರೋ ಮನೆಗೆ ಗೃಹಜ್ಯೋತಿ ಮಿತಿ ಹೊಸದಾಗಿ ಲೆಕ್ಕ ಹಾಕಿ. ಕಡಿಮೆ ಉರಿಸಿದ್ದಕ್ಕೆ ಶಿಕ್ಷೆ ಬೇಡ.

ಸಬ್ಸಿಡಿ ಕೊಟ್ಟರೆ ಜನ ತಗೊಂಡು ಮೂಲೆಗೆ ಹಾಕ್ತಾರೆ ಅನ್ನೋರಿಗೆ ಪಕ್ಕದ ಶಿರಸಿ ತೋರಿಸಿ. ಅಲ್ಲಿ ಗೋಬರ್ ಗ್ಯಾಸ್ ಎಷ್ಟು ಚೆನ್ನಾಗಿ ನಡೀತು ಅಂದ್ರೆ ಅದರ ಮೇಲೆ ಅಧ್ಯಯನವೇ ಆಯ್ತು. ಸಬ್ಸಿಡಿ ಇತ್ತು, ಮನೆಯವರೂ ತಮ್ಮ ಪಾಲು ಹಾಕಿದ್ರು, ಕಟ್ಟಿಕೊಟ್ಟವರೇ ಬಂದು ರಿಪೇರಿ ಮಾಡ್ತಿದ್ರು. ಅದಕ್ಕೇ ಉಳೀತು.

1964ರಲ್ಲಿ ಲಿಂಗನಮಕ್ಕಿ ಕಟ್ಟಿದ್ರು, ನಮ್ಮ ಊರುಗಳು ಮುಳುಗಿದವು. ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟಿನದು. ಆ ಕರೆಂಟು ದೂರದೂರದ ಗೀಸರ್ ಕಾಯಿಸುತ್ತೆ. ಹೊಳೆ ದಂಡೆಯವರು ಊದುಕೊಳವೆ ಹಿಡಿದು ಕೂತಿದಾರೆ. ಎಂಟು ಲಕ್ಷ ಯಾರೂ ಕೇಳ್ತಿಲ್ಲ. ಮೊದಲು ಲೆಕ್ಕಕ್ಕೆ ತಗೊಳ್ಳಿ ಅಂತ ಅಷ್ಟೇ.

ಅದು ಆಗೋವರೆಗೆ ನಮ್ಮ ಕೈಲಿರೋದು: ಡಾಕ್ಟರು ಕೇಳಲಿ ಬಿಡಲಿ, "ಬಚ್ಚಲಲ್ಲಿ ಕಟ್ಟಿಗೆ ಒಲೆ ಇದೆ" ಅಂತ ನೀವೇ ಹೇಳಿ. ಗ್ರಾಮಸಭೇಲಿ ಅಪ್ಪ ಹೇಳದಿದ್ರೆ ನೀವು ಹೇಳಿ. ನಾಳೆ ಬೆಳಿಗ್ಗೆ ಒಲೆ ನೀವು ಹಚ್ಚಿ.

ನಾನು ಈಗ ವಾರಕ್ಕೆ ನಾಲ್ಕು ದಿನ ಹಚ್ತೀನಿ. ಮೊದಲ ದಿನ ಕಣ್ಣೀರು ಸುರಿಸಿಕೊಂಡು ಹೊರಗೆ ಬಂದೆ. ಅಮ್ಮ ನೋಡಿ ನಕ್ಕಳು, "ಅಷ್ಟಕ್ಕೇನಾ?" ಅಂತ.

#ಸಾಗರ #ಹೊಸನಗರ #ತೀರ್ಥಹಳ್ಳಿ #ಬಚ್ಚಲಒಲೆ