ಹೊಡೆದರಷ್ಟೇ ಗಂಡಸೇ?

‘ಜಾನೇ ತೂ... ಯಾ ಜಾನೇ ನಾ’ ಎಂದರೆ ನನ್ನ ವಾರಗೆಯವರ ಮುಖ ಇವತ್ತಿಗೂ ಅರಳುತ್ತದೆ. 2008ರ ಚಿತ್ರ. ಅಬ್ಬಾಸ್ ಟೈರ್‌ವಾಲಾ ನಿರ್ದೇಶನ, ರೆಹಮಾನ್ ಸಂಗೀತ. ಮುಂಬೈಯ ಕಾಲೇಜು ಗೆಳೆಯರ ಗುಂಪಿನಲ್ಲಿ ಜೈ ಮತ್ತು ಅದಿತಿಗೆ ತಮ್ಮದು ಬರೀ ಸ್ನೇಹವಲ್ಲ ಎಂದು ತಡವಾಗಿ ಹೊಳೆಯುತ್ತದೆ, ಅಷ್ಟೇ ಕಥೆ. ಹೊಡೆದಾಟವೇ ಬೇಡವೆನ್ನುವ ಇಂಥ ನಾಯಕ ಹಿಂದಿಯಲ್ಲಿ ಅಪರೂಪ ಎಂದು ಹೊಗಳುವವರು ಬಹಳ. ನನ್ನ ತಕರಾರು ಇರುವುದೇ ಅಲ್ಲಿ. ಈ ಸಿನಿಮಾ ಸಾಧು ಹುಡುಗನನ್ನು ತೋರಿಸುತ್ತದೆ, ಆದರೆ ಅವನನ್ನು ಸಾಧುವಾಗಿಯೇ ಗೆಲ್ಲಲು ಬಿಡುವುದಿಲ್ಲ.

ನೆನಪಿಸಿಕೊಳ್ಳಿ. ರಾಠೋಡ್ ವಂಶದ ಗಂಡು ‘ಗಂಡಸು’ ಎನಿಸಿಕೊಳ್ಳಲು ಮೂರು ಷರತ್ತು: ಯಾರಿಗಾದರೂ ಬಾರಿಸಬೇಕು, ಜೈಲು ನೋಡಬೇಕು, ಕುದುರೆ ಏರಬೇಕು. ಗಂಡನನ್ನು ಕಳೆದುಕೊಂಡ ತಾಯಿ ಸಾವಿತ್ರಿ (ರತ್ನಾ ಪಾಠಕ್ ಶಾ) ಮಗನನ್ನು ಈ ಹುಚ್ಚಿನಿಂದ ದೂರವಿಟ್ಟು ಬೆಳೆಸುತ್ತಾಳೆ. ಗೋಡೆಯ ಮೇಲಿನ ಪಟದೊಳಗಿಂದ ಗಂಡ (ನಾಸಿರುದ್ದೀನ್ ಶಾ) ಅವಳನ್ನು ಕೆಣಕುತ್ತಲೇ ಇರುತ್ತಾನೆ. ಕೊನೆಗೆ ಗೆಲ್ಲುವವರು ಯಾರು? ಪಟದೊಳಗಿನ ಗಂಡ. ಜೈ ಬಾರಿಸುತ್ತಾನೆ, ಲಾಕಪ್ಪಿಗೆ ಹೋಗುತ್ತಾನೆ, ಕುದುರೆ ಏರಿ ವಿಮಾನ ನಿಲ್ದಾಣಕ್ಕೂ ಓಡುತ್ತಾನೆ. ತಾಯಿ ವರ್ಷಗಟ್ಟಲೆ ಕಲಿಸಿದ ಪಾಠ ಎರಡೇ ರೀಲಿನಲ್ಲಿ ನೀರಿನಲ್ಲಿ ಹೋಮ.

ಇದೆಲ್ಲ ಗಂಡಸುತನದ ಗೇಲಿ ತಾನೇ, ಕಾಮಿಡಿಯನ್ನು ಇಷ್ಟು ಸೀರಿಯಸ್ಸಾಗಿ ಯಾಕೆ ತೆಗೆದುಕೊಳ್ಳುತ್ತೀರಿ ಎನ್ನಬಹುದು. ಮುಂಬೈ ಟ್ರಾಫಿಕ್ಕಿನಲ್ಲಿ ಕುದುರೆ ಓಡಿದರೆ ಗೇಲಿಯೇ, ಒಪ್ಪಿದೆ. ಆದರೆ ಅದಿತಿಯ ಮುಖದ ಮೇಲಿನ ಏಟಿನ ಗುರುತು ಗೇಲಿಯಲ್ಲ. ಅವಳನ್ನು ಮದುವೆಯಾಗಬೇಕಿದ್ದ ಸುಶಾಂತ್ ಕೈ ಎತ್ತಿದ. ಅವಳು ಸಂಬಂಧ ಮುರಿದು ಓದಲು ಅಮೆರಿಕಕ್ಕೆ ಹೊರಟಳು. ಇಡೀ ಚಿತ್ರದಲ್ಲಿ ನಿಜವಾದ ಧೈರ್ಯ ಇದೊಂದೇ. ಚಪ್ಪಾಳೆ ಬಿದ್ದದ್ದು ಮಾತ್ರ ಜೈಯ ಮುಷ್ಟಿಗೆ. ಪೆಟ್ಟು ತಿಂದವಳ ನಿರ್ಧಾರ ಹಿಂದೆ ಸರಿಯಿತು, ಪೆಟ್ಟು ಕೊಟ್ಟವನ ಪರಾಕ್ರಮ ಮುಂದೆ ಬಂತು. ಹೊಡೆಯುವ ಸುಶಾಂತನಿಗೆ ಉತ್ತರವಾಗಿ ಹೊಡೆಯುವ ಜೈಯನ್ನೇ ನಿಲ್ಲಿಸಿದರೆ ಇಬ್ಬರ ನಡುವೆ ಉಳಿದ ವ್ಯತ್ಯಾಸವೇನು?

ಪುಣೆಯಲ್ಲಿ ಪ್ರಾಜೆಕ್ಟ್ ನಡೆಸುವ ನನಗೆ ಈ ತರ್ಕ ದಿನವೂ ಎದುರಾಗುತ್ತದೆ. ಮೀಟಿಂಗಿನಲ್ಲಿ ಮೇಜು ಗುದ್ದುವವನು ‘ಲೀಡರ್ ಮೆಟೀರಿಯಲ್’. ಕ್ಲೈಂಟನ್ನು ಮಾತಿನಲ್ಲೇ ಸಮಾಧಾನ ಮಾಡಿ, ಟೀಮನ್ನು ರಾತ್ರಿಪಾಳಿಯಿಂದ ಉಳಿಸಿದವನಿಗೆ ಅಪ್ರೈಸಲಿನಲ್ಲಿ ‘ದಮ್ಮಿಲ್ಲ’ ಎಂಬ ಷರಾ. ಜಗಳವನ್ನು ಮಾತಿನಲ್ಲಿ ಮುಗಿಸುವುದು ಹೇಡಿತನವಲ್ಲ ಸ್ವಾಮಿ, ಅದಕ್ಕೆ ಮುಷ್ಟಿಗಿಂತ ಹೆಚ್ಚಿನ ಕಸುಬು ಬೇಕು.

ಒಂಬತ್ತನೇ ಕ್ಲಾಸಿನ ನನ್ನ ಮಗ ಈ ಚಿತ್ರ ನೋಡಲಿ, ಹಾಡುಗಳಿಗೆ ಕುಣಿಯಲಿ, ಬೇಡ ಎನ್ನುವವನು ನಾನಲ್ಲ. ಆದರೆ ಸಾವಿತ್ರಿ ಸೋತಳು ಎಂದು ಮಾತ್ರ ಅವನಿಗೆ ಅನ್ನಿಸಬಾರದು. ಕುದುರೆ ಏರದ, ಯಾರಿಗೂ ಬಾರಿಸದ ಹುಡುಗ ಟಿಕೆಟ್ ಕೌಂಟರಿನ ಮುಂದೆ ಏದುಸಿರು ಬಿಡುತ್ತಾ ನಿಂತು ‘ಹೋಗಬೇಡ’ ಎಂದಿದ್ದರೂ ಅದಿತಿ ತಿರುಗಿ ನೋಡುತ್ತಿದ್ದಳು. ನಮ್ಮ ಹುಡುಗರಿಗೆ ಬೇಕಿರುವುದು ಆ ಸಿನಿಮಾ.