ಹೆಡಿಗೆಯ ಬೆಲೆ, ಬಿದಿರಿನ ಲೆಕ್ಕ

ತಿಂಗಳಿಗೊಬ್ಬ ವಿದ್ವಾಂಸರನ್ನು ಕಂಡು, ಅವರ ಸಂಶೋಧನೆಯ ಸಾರವನ್ನು ಗೃಹಸ್ಥರಾದ ವಾಚಕರಿಗೆ ತಿಳಿಯುವ ಮಾತಿನಲ್ಲಿ ನಿವೇದಿಸುವುದು ಈ ಅಂಕಣದ ಪರಿಪಾಠ. ಈ ಸಲ ಇಬ್ಬರನ್ನು ಒಟ್ಟಿಗೇ ಕಾಣಬೇಕಾಗಿ ಬಂದಿತು. ಅದಕ್ಕೆ ಕಾರಣವಾದದ್ದು ಒಂದು ಹೆಡಿಗೆ.

ಶೀಗಿ ಹುಣ್ಣಿಮೆಯಂದು ಹೊಲಕ್ಕೆ ಚರಗ ಒಯ್ಯಲು ನಮ್ಮ ಮನೆಯಲ್ಲಿ ಹೊಸ ಹೆಡಿಗೆಯನ್ನು ತರುವ ರೂಢಿಯುಂಟು. ಮೇದಾರ ಓಣಿಯಲ್ಲಿ ಈಗ ಉಳಿದಿರುವುದು ಒಂದೇ ಮನೆ. ಅಲ್ಲಿಯ ವೃದ್ಧೆ ಈ ಬಾರಿ ಹೇಳಿದ ಬೆಲೆ ಆರುನೂರು ರೂಪಾಯಿ. ನಾವು ಚೌಕಾಸಿಗೆ ತೊಡಗಿ, ಅಷ್ಟಕ್ಕೇ ನಿಲ್ಲದೆ, "ಕಾಡಿನ ಬಿದಿರನ್ನೆಲ್ಲ ನೀವೇ ಕಡಿದು ಮುಗಿಸಿ, ಈಗ ಬೆಲೆಯನ್ನು ನಮ್ಮ ಮೇಲೆ ಹೇರುತ್ತೀರಿ" ಎಂದುಬಿಟ್ಟೆವು. ಮೇದಾರ ಕೇತಯ್ಯನವರ ಕಾಯಕವನ್ನು ವೇದಿಕೆಯ ಮೇಲೆ ಕೊಂಡಾಡಿದ ನಾಲಗೆಯೇ ಇದು. ಆಕೆ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಸೀಳನ್ನು ಕೆಳಗಿಟ್ಟು, "ನಾವು ಹೆಗಲ ಮ್ಯಾಲ ಹೊತ್ತು ತಂದ ಮಂದಿರೀ ಯಪ್ಪಾ. ಹೆಗಲ ಮ್ಯಾಲ ಎಷ್ಟು ಕಾಡು ಹಿಡೀತೈತಿ?" ಎಂದರು.

ಉತ್ತರ ನಮ್ಮಲ್ಲಿರಲಿಲ್ಲ. ಆದ್ದರಿಂದ ಮರುವಾರ ಧಾರವಾಡದಲ್ಲಿ ನಮ್ಮ ಪರಿಚಯದ ಸಸ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರ ಮನೆಗೆ ಹೋದೆವು. ಅವರ ಮಿತ್ರರೂ ಅರ್ಥಶಾಸ್ತ್ರದ ಪ್ರಾಧ್ಯಾಪಕರೂ ಆದ ಇನ್ನೊಬ್ಬರು ಸಂಜೆಯ ಚಹಾಕ್ಕೆಂದು ಆಗಲೇ ಬಂದು ಕುಳಿತಿದ್ದರು. ಹೆಸರು ಹಾಕಬಾರದೆಂದು ಇಬ್ಬರೂ ಕೋರಿದ್ದಾರೆ.

"ಹೆಗಲೋ ಲಾರಿಯೋ ಎಂಬ ಪ್ರಶ್ನೆ ಹೊಸದಲ್ಲ" ಎಂದು ಸಸ್ಯಶಾಸ್ತ್ರಜ್ಞರು ಆರಂಭಿಸಿದರು. ಉತ್ತರ ಕನ್ನಡದ ಕಾಡುಗಳಲ್ಲಿ ಬಿದಿರು ಕ್ಷೀಣಿಸುತ್ತಿದೆಯೆಂಬ ದೂರು 1970ರ ದಶಕದಲ್ಲೇ ಬಲವಾಗಿತ್ತು. ಬುಟ್ಟಿ ಹೆಣೆಯುವವರು ಕಾಗದದ ಕಾರ್ಖಾನೆಯತ್ತ ಕೈದೋರಿದರೆ, ಮೇಲಿನವರು ಬುಟ್ಟಿಯವರನ್ನೂ ದನ ಮೇಯಿಸುವವರನ್ನೂ ದೂರುತ್ತಿದ್ದರು. ಈ ಜಗಳವನ್ನು ಮಾತಿನಲ್ಲಿ ಬಿಡಿಸದೆ ಕಾಡಿಗಿಳಿದು ಅಳೆದು ನೋಡಿದವರು ಮಾಧವ ಗಾಡಗೀಳರು ಮತ್ತು ಅವರ ಸಹಸಂಶೋಧಕ ನರೇಂದ್ರ ಪ್ರಸಾದರು. ಗಾಡಗೀಳರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು 1971ರಲ್ಲಿ ಸ್ವದೇಶಕ್ಕೆ ಮರಳಿ, 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ್ದರು. ಅವರ ಬಿದಿರಿನ ಅಧ್ಯಯನ ನಡೆದದ್ದು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಆಶ್ರಯದಲ್ಲಿ.

ಬಿದಿರು ಬೆಳೆಯುವ ಬಗೆಯನ್ನು ಅರಿಯದೆ ಮುಂದಿನ ಮಾತು ತಿಳಿಯದೆಂದು ಪ್ರಾಧ್ಯಾಪಕರು ಕಾಗದವೊಂದನ್ನು ಎಳೆದುಕೊಂಡು ಚಿತ್ರ ಬರೆದರು. ಬಿದಿರು ಮರವಲ್ಲ, ಹುಲ್ಲಿನ ಕುಲದ್ದು. ಮಳೆಗಾಲದಲ್ಲಿ ನೆಲದೊಳಗಿನ ಗೆಡ್ಡೆಯಿಂದ ಕಳಲೆ ಮೊಳೆಯುತ್ತದೆ. ಮೊಳೆಯುವಾಗಲೇ ತನ್ನ ಪೂರ್ತಿ ದಪ್ಪವನ್ನು ಹೊಂದಿರುವ ಅದು ಕೆಲವೇ ತಿಂಗಳುಗಳಲ್ಲಿ ಪೂರ್ಣ ಎತ್ತರಕ್ಕೇರುತ್ತದೆ. ಬಳಿಕ ದಪ್ಪವಾಗುವುದಿಲ್ಲ, ಗಟ್ಟಿಯಾಗುತ್ತದೆ ಅಷ್ಟೆ. ಎಳೆಯ ಗಳುಗಳು ಆಹಾರ ತಯಾರಿಸಿ ಗೆಡ್ಡೆಗೆ ಕೊಟ್ಟರೆ ತಾನೆ ಮರುವರ್ಷದ ಕಳಲೆ! ಆದ್ದರಿಂದ ಮೂರು ವರ್ಷ ದಾಟಿದ ಗಳುಗಳನ್ನು ಕಡಿದು, ಎಳೆಯವನ್ನು ಬಿಡುವುದು ಒಳ್ಳೆಯ ಕೊಯ್ಲಿನ ನಿಯಮ. ಹೀಗೆ ನಾಲ್ಕಾರು ದಶಕ ಬಾಳಿದ ಹೆಬ್ಬಿದಿರು ಕೊನೆಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಬಿದಿರಕ್ಕಿ ಸುರಿಸಿ ಸಾಯುತ್ತದೆ. ಆ ಬೀಜದ ಸಸಿಗಳು ದನ ಮತ್ತು ಬೆಂಕಿಗಳಿಂದ ಕೆಲವು ವರ್ಷ ಪಾರಾದರೆ ಮಾತ್ರ ಹೊಸ ಮೆಳೆ.

"ಇನ್ನು ಮುಳ್ಳಿನ ವಿಷಯ" ಎಂದು ಅವರು ಲೇಖನಿಯನ್ನು ಕೆಳಗಿಟ್ಟರು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳುಗೊಂಬೆಗಳ ದಟ್ಟ ಬೇಲಿ ತಾನಾಗಿಯೇ ಹೆಣೆದುಕೊಂಡಿರುತ್ತದೆ. ಅದನ್ನು ಸವರಿ ಹಾಕಿದರೆ ಮೆಳೆಯ ಇಕ್ಕಟ್ಟು ತಪ್ಪಿ, ಗಳು ನೆಟ್ಟಗೆ ಬೆಳೆದು, ಕಡಿಯುವುದಕ್ಕೂ ಹಗುರವಾಗುತ್ತದೆಂಬುದು ಅರಣ್ಯಶಾಸ್ತ್ರದ ಆಗಿನ ವಿಧಿ. ಪುಸ್ತಕದಲ್ಲಿದ್ದುದರಿಂದ ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. ಹಳ್ಳಿಗರು ಮಾತ್ರ ಗಾಡಗೀಳರಿಗೆ, ಮುಳ್ಳು ತೆಗೆದರೆ ಕಳಲೆಯನ್ನು ದನಗಳು ಉಳಿಸುವುದಿಲ್ಲವೆಂದು ಹೇಳಿದರು. ಸಂಶೋಧಕರು ಮುಳ್ಳು ಸವರಿದ ಮೆಳೆಗಳನ್ನೂ ಸವರದ ಮೆಳೆಗಳನ್ನೂ ಹೋಲಿಸಿದರು. ಹಳ್ಳಿಗರ ಮಾತೇ ನಿಜವಾಯಿತು. ಬೇಲಿ ಕಳೆದುಕೊಂಡ ಮೆಳೆಯಲ್ಲಿ ಎಳೆಯ ಕಳಲೆಗಳು ದನಕರುಗಳ ಮತ್ತು ಕಾಡುಪ್ರಾಣಿಗಳ ಪಾಲಾಗಿ, ಹೊಸ ಗಳುಗಳ ಸಂಖ್ಯೆ ಕುಗ್ಗುತ್ತಿತ್ತು. ಮೆಳೆಗೆ ಹಿತವೆಂದು ಮಾಡಿದ ಕೆಲಸವೇ ಅದಕ್ಕೆ ಕಂಟಕವಾಗಿತ್ತು. ಮೇಲಾಗಿ, ಕಾಡಿನಲ್ಲಿ ಇಷ್ಟು ಬಿದಿರುಂಟೆಂದು ಕಡತಗಳಲ್ಲಿದ್ದ ಅಂದಾಜು ವಾಸ್ತವಕ್ಕಿಂತ ಬಹಳ ಹೆಚ್ಚಿನದೆಂಬುದೂ ಅಳತೆಯಿಂದ ಹೊರಬಿದ್ದಿತು. ಇಲ್ಲದ ಬಿದಿರನ್ನು ಇದೆಯೆಂದು ಬರೆದು, ಬರೆದ ಲೆಕ್ಕದಂತೆ ಕಡಿಯುತ್ತಿದ್ದರು.

"ಹಾಗಾದರೆ ಮೇದಾರರದ್ದು ಏನೂ ತಪ್ಪಿಲ್ಲವೆ?" ಎಂದು ನಾವು ಕೇಳಿದೆವು. ನಮ್ಮ ಮಾತನ್ನು ಕೊಂಚವಾದರೂ ಉಳಿಸಿಕೊಳ್ಳುವ ಆಸೆ.

ಪ್ರಾಧ್ಯಾಪಕರು ಅದಕ್ಕೂ ಪ್ರಾಮಾಣಿಕವಾಗಿಯೇ ಉತ್ತರಿಸಿದರು. ಹೆಣಿಗೆಗೆ ಬೇಕಾದುದು ಒಂದೆರಡು ವರ್ಷದ ಎಳೆಯ, ಬಳುಕುವ ಗಳು. ಬಲಿತದ್ದು ಸೀಳುವಾಗ ಸಿಡಿಯುತ್ತದೆ. ಗೆಡ್ಡೆಯನ್ನು ಸಾಕುವುದೂ ಆ ಎಳೆಯ ಗಳುವೇ. ಆದ್ದರಿಂದ ಒಂದೇ ಮೆಳೆಗೆ ಮತ್ತೆ ಮತ್ತೆ ಕತ್ತಿ ಬಿದ್ದರೆ ಹಾನಿ ಇದ್ದದ್ದೇ. "ಆದರೆ ಪ್ರಮಾಣ ನೋಡಬೇಕಲ್ಲ" ಎಂದು ಅವರು ನಕ್ಕರು. "ಆ ಮುದುಕಿ ಕೇಳಿದ್ದು ಅದನ್ನೇ. ಸಂಶೋಧನೆಯ ಮೊದಲ ಪ್ರಶ್ನೆ ಯಾವಾಗಲೂ ಎಷ್ಟು ಎಂಬುದೇ."

ಇಲ್ಲಿಯವರೆಗೆ ಸುಮ್ಮನಿದ್ದ ಅರ್ಥಶಾಸ್ತ್ರಜ್ಞರು ಆಗ ಬಾಯಿ ತೆರೆದರು. "ಎಷ್ಟು ಎಂಬುದರ ಜೊತೆಗೆ ಎಷ್ಟಕ್ಕೆ ಎಂಬುದನ್ನೂ ಕೇಳಿರಿ" ಎಂದರು. ದಾಂಡೇಲಿಯ ಕಾಗದದ ಕಾರ್ಖಾನೆ 1950ರ ದಶಕದ ಕೊನೆಯಲ್ಲಿ ಕೆಲಸ ಆರಂಭಿಸಿದಾಗ ಸರ್ಕಾರಿ ಕಾಡಿನ ಬಿದಿರು ಅದಕ್ಕೆ ದೊರೆತದ್ದು ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ. ಪೇಟೆಯಲ್ಲಿ ಬಿದಿರು ಕೊಳ್ಳುವ ಬುಟ್ಟಿಯವನು ತೆರುತ್ತಿದ್ದುದು ಅದರ ನೂರಾರು ಪಟ್ಟು.

ನಮಗೆ ಕಿವಿಯನ್ನು ನಂಬಲಾಗಲಿಲ್ಲ. ಟನ್ನಿಗೋ ಗಳುವಿಗೋ ಎಂದು ಮತ್ತೊಮ್ಮೆ ಕೇಳಿದೆವು. ಟನ್ನಿಗೇ.

ಇದನ್ನು ಲಂಚವೆಂದೋ ಕೇಡೆಂದೋ ಬಗೆಯುವುದು ಸುಲಭವೆಂದೂ, ಆಗಿನವರ ಉದ್ದೇಶವನ್ನು ಮರೆಯಬಾರದೆಂದೂ ಅವರು ಎಚ್ಚರಿಸಿದರು. ಸ್ವಾತಂತ್ರ್ಯ ಹೊಸದು, ದೇಶಕ್ಕೆ ಶಾಲಾಪುಸ್ತಕ ಬೇಕು, ಅದಕ್ಕೆ ಕಾಗದ ಬೇಕು, ಹಿಂದುಳಿದ ಸೀಮೆಯಲ್ಲಿ ನೌಕರಿ ಹುಟ್ಟಬೇಕು. ಕಾಡಿನ ನಡುವಿನ ದಾಂಡೇಲಿ ಪಟ್ಟಣವಾಗಿ ಬೆಳೆದದ್ದೂ ಸುಳ್ಳಲ್ಲ. (ಈ ಅಂಕಣವನ್ನು ತಾವು ಓದುತ್ತಿರುವುದೂ ಕಾಗದದ ಮೇಲೆಯೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.) ಆದರೆ ಬಹುಮಟ್ಟಿಗೆ ಪುಕ್ಕಟೆಯಾಗಿ ಬಂದ ವಸ್ತುವನ್ನು ಯಾರು ಕಾಪಾಡುತ್ತಾರೆ? ಒಂದು ಕಾಡು ಮುಗಿದರೆ ಮುಂದಿನ ಕಾಡು. ಅದೂ ಮುಗಿದಾಗ ದೂರದ ರಾಜ್ಯಗಳಿಂದ ತರಿಸಿದರು. ಕಾರ್ಖಾನೆಗೆ ಸ್ಥಳ ಬದಲಿಸುವ ಶಕ್ತಿಯಿತ್ತು, ಮೇದಾರನಿಗೆ ಇರಲಿಲ್ಲ.

ಅನಂತರ ಅವರು ಹೇಳಿದ ಸಂಗತಿಯೊಂದು ನಮ್ಮನ್ನು ಇನ್ನೂ ಕಾಡುತ್ತಿದೆ. ಕೆನಡಾದ ಗಣಿತಜ್ಞ ಕಾಲಿನ್ ಕ್ಲಾರ್ಕ್ ಎಂಬವರು 1973ರಲ್ಲಿ ತಿಮಿಂಗಿಲಗಳ ಬೇಟೆಯನ್ನು ಕುರಿತು ಲೆಕ್ಕ ಮಾಡಿದರು. ಕಡಲಿನ ತಿಮಿಂಗಿಲಗಳ ಒಡೆತನ ಒಬ್ಬನದೇ ಆಗಿದ್ದರೆ ಅವನು ಅವುಗಳನ್ನು ಜೋಪಾನ ಮಾಡುತ್ತಾನೆಂದು ಅರ್ಥಶಾಸ್ತ್ರಜ್ಞರು ನಂಬಿದ್ದರು. ಹಾಗೇನಿಲ್ಲವೆಂದು ಕ್ಲಾರ್ಕ್ ತೋರಿಸಿದರು. ತಿಮಿಂಗಿಲ ವರ್ಷಕ್ಕೆ ನೂರಕ್ಕೆ ಐದರಂತೆ ಹೆಚ್ಚುತ್ತದೆ, ಬ್ಯಾಂಕಿನ ಹಣ ನೂರಕ್ಕೆ ಹತ್ತರಂತೆ ಬೆಳೆಯುತ್ತದೆ ಎಂದಿಟ್ಟುಕೊಳ್ಳಿ. ಹಿಡಿಯುವ ಖರ್ಚು ಮಿತಿಮೀರದಿದ್ದರೆ, ಇರುವುದನ್ನೆಲ್ಲ ಇಂದೇ ಕೊಂದು ಮಾರಿ ಹಣವನ್ನು ಬ್ಯಾಂಕಿನಲ್ಲಿಡುವುದೇ ಲೆಕ್ಕಕ್ಕೆ ಲಾಭ. ನಿಧಾನವಾಗಿ ಬೆಳೆಯುವ ಯಾವ ಜೀವಕ್ಕೂ ಈ ಮಾತು ಅನ್ವಯಿಸುತ್ತದೆ. "ಹುಚ್ಚನಲ್ಲ, ಜಾಣನೇ ಹೀಗೆ ಮಾಡುತ್ತಾನೆ" ಎಂದು ಅವರು ಶಾಂತವಾಗಿ ಚಹಾ ಹೀರಿದರು.

ನಮಗೆ ಮಾತ್ರ ಚಹಾ ಗಂಟಲಿಗಿಳಿಯಲಿಲ್ಲ. ನಮ್ಮ ಹೊಲದ ಹಳ್ಳದ ದಂಡೆಯಲ್ಲಿ ತೀರ್ಥರೂಪರ ಕಾಲದ ಹೆಬ್ಬಿದಿರಿನ ಮೆಳೆಯೊಂದಿತ್ತು. ಅದರ ನೆರಳು ಎರಡು ಸಾಲು ಜೋಳವನ್ನು ನುಂಗುತ್ತದೆಂದು, ಮೂವತ್ತು ವರ್ಷಗಳ ಕೆಳಗೆ ಆಳು ಹಚ್ಚಿ ಅದನ್ನು ಗೆಡ್ಡೆಸಹಿತ ಕೀಳಿಸಿದವರು ನಾವೇ. ಅಂದಿನ ಲೆಕ್ಕ ನಮ್ಮ ಪಾಲಿಗೆ ಸರಿಯಾಗಿಯೇ ಇತ್ತು.

ಮುಂದೇನೆಂಬ ವಿಷಯದಲ್ಲಿ ಮಿತ್ರರಿಬ್ಬರಿಗೂ ಒಮ್ಮತವಿರಲಿಲ್ಲ. ಸರಿಯಾದ ಬೆಲೆ ಕಟ್ಟಿದರೆ ಉಳಿದುದು ತಾನಾಗಿ ನೆಟ್ಟಗಾಗುತ್ತದೆ ಎಂಬುದನ್ನು ಸಸ್ಯಶಾಸ್ತ್ರಜ್ಞರು ಒಪ್ಪರು. ಕಳಲೆಗೆ ಬೆಲೆ ತಿಳಿಯದು, ಕಡಿಯದೆ ಬಿಡುವ ನಿಯಮ ಬೇಕು ಎನ್ನುತ್ತಾರೆ. ನಿಯಮ ಮಾಡುವವರು ಯಾರು ಎಂಬುದು ಅರ್ಥಶಾಸ್ತ್ರಜ್ಞರ ಮರುಪ್ರಶ್ನೆ. ಆಗ ಇಬ್ಬರೂ ಒಪ್ಪಿ ಹೇಳಿದ ಉದಾಹರಣೆ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಗ್ರಾಮದ್ದು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನಗಳ ಸಾಲಿಗೆ ಸೇರಿಸಿತು. ಅದರ ಬಲದಿಂದ 2011ರಲ್ಲಿ ಆ ಊರಿನ ಗ್ರಾಮಸಭೆಗೆ ತನ್ನ ಕಾಡಿನ ಬಿದಿರನ್ನು ತಾನೇ ಕಡಿದು ಮಾರುವ ಅಧಿಕಾರ ಕೈಗೆ ಬಂದಿತು. ಕಡಿಯುವವರೂ ಕಾಯುವವರೂ ಅವರೇ. ಇಂಥ ಸಾಮೂಹಿಕ ಸಂಪತ್ತನ್ನು ಜನರೇ ನಿಯಮ ಮಾಡಿಕೊಂಡು ಉಳಿಸಿಕೊಳ್ಳಬಲ್ಲರೆಂದು ಜಗತ್ತಿನ ಅನೇಕ ಕಡೆಯ ನಿದರ್ಶನಗಳಿಂದ ತೋರಿಸಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತ್ತು. ಆ ಶಾಸ್ತ್ರದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಆದರೆ ಪೇಟೆಯ ಓಣಿಯಲ್ಲಿರುವ ಮೇದಾರರಿಗೆ ತಮ್ಮದೆನ್ನುವ ಕಾಡಾದರೂ ಎಲ್ಲಿಯದು? ಈ ಮಾತಿಗೆ ಇಬ್ಬರೂ ಸುಮ್ಮನಾದರು. ಖಾಸಗಿ ಜಮೀನಿನ ಬಿದಿರು ಕಾನೂನಿನ ದೃಷ್ಟಿಯಲ್ಲಿ ಮರವಲ್ಲವೆಂದು 2017ರಲ್ಲಿ ತಿದ್ದುಪಡಿಯಾಗಿದೆ, ರೈತರು ಬೆಳೆಯಬಹುದಲ್ಲ ಎಂದು ಸಸ್ಯಶಾಸ್ತ್ರಜ್ಞರು ನಮ್ಮತ್ತ ನೋಡಿದರು. ನಾವು ಗೋಡೆಯ ಗಡಿಯಾರವನ್ನು ನೋಡಿದೆವು.

ಹೊರಡುವ ಮುನ್ನ ಅವರು ಇನ್ನೊಂದು ವಿಷಯ ತಿಳಿಸಿದರು. ಮಾಧವ ಗಾಡಗೀಳರ ತಂದೆ ಧನಂಜಯರಾವ್ ಗಾಡಗೀಳರು ಅರ್ಥಶಾಸ್ತ್ರಜ್ಞರು. 1930ರಲ್ಲಿ ಪುಣೆಯ ಗೋಖಲೆ ಸಂಸ್ಥೆಯನ್ನು ಕಟ್ಟಿದವರು, ಮುಂದೆ ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದವರು. ಕಳಲೆಯನ್ನು ಎಣಿಸುತ್ತಲೇ ಟನ್ನಿನ ದರವನ್ನೂ ವಿಚಾರಿಸುವ ಬುದ್ಧಿ ಮಗನಿಗೆ ಮನೆಯಲ್ಲೇ ಬಂದಿರಬೇಕೆಂಬುದು ಅರ್ಥಶಾಸ್ತ್ರಜ್ಞರ ಊಹೆ. ಮಿತ್ರರು ಅದನ್ನು ಅನುಮೋದಿಸಲಿಲ್ಲ. ಆ ಶ್ರೇಯಸ್ಸು ಹಳ್ಳಿಗರಿಗೇ ಸಲ್ಲಬೇಕೆಂದರು.

ಹುಣ್ಣಿಮೆಗೆ ಎರಡು ದಿನವಿರುವಾಗ ಮತ್ತೆ ಮೇದಾರ ಓಣಿಗೆ ಹೋದೆವು. ಹೆಡಿಗೆ ಸಿದ್ಧವಾಗಿತ್ತು. ಆಡಿದ ಮಾತಿಗೆ ಕ್ಷಮೆ ಕೇಳಿ, ಮುಳ್ಳುಬೇಲಿಯ ಸಂಶೋಧನೆಯನ್ನು ವಿವರಿಸಿದೆವು. ವೃದ್ಧೆ ಕೊನೆಯವರೆಗೂ ಕೇಳಿ, "ಮುಳ್ಳು ತಗದ್ರ ದನ ತಿಂತಾವ. ಇದನ್ನ ತಿಳಕೊಳ್ಳಾಕ ಎಷ್ಟು ವರ್ಷ ಸಾಲಿ ಕಲೀಬೇಕ್ರೀ?" ಎಂದು ಬಾಯ್ತುಂಬ ನಕ್ಕರು. ಅವರ ಮಗ ಆಟೋ ಓಡಿಸುತ್ತಾನೆ. ಮೊಮ್ಮಗನಿಗೆ ಸೀಳು ಹಿಡಿಯಲು ಬಾರದು.

ಆರುನೂರು ರೂಪಾಯಿಯನ್ನು ಎಣಿಸಿ ಕೊಡುತ್ತಿದ್ದಾಗ ಆಕೆ ಏನನ್ನೋ ನೆನಪಿಸಿಕೊಂಡವರಂತೆ ತಲೆಯೆತ್ತಿ, "ನಿಮ್ಮ ಹಳ್ಳದ ದಂಡ್ಯಾಗ ಒಂದು ಮೆಳಿ ಇತ್ತಲ್ರೀ ಯಪ್ಪಾ? ನಮ್ಮ ಮಾವ ಅಲ್ಲಿಂದನ ತರತಿದ್ದ. ಅದು ಐತೇನ್ರೀ ಇನ್ನಾ?" ಎಂದು ಕೇಳಿದರು.

ಎಣಿಕೆ ತಪ್ಪಿತು. ನಾವು ನೋಟುಗಳನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದೆವು.